ಎಲೆನ್ ವೈಟ್ ಅಮ್ಮನವರೂ ಸಬ್ಬತ್ ದಿನದ ವಿವಾದವೂ

ವಾರದಲ್ಲಿ ಒಂದು ದಿನವು ದೇವರಿಗೆ ಮೀಸಲಾಗಿರಬೇಕೆಂಬ ವಿಷಯದಲ್ಲಿ ಕ್ರೈಸ್ತ ಸಭೆಗಳೊಳಗೆ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಆ ದಿನವು ಯಾವುದೆಂಬಲ್ಲಿ ಮಾತ್ರ ಶತಮಾನಗಳಿಂದ ವಾದವು ನಡೆದುಬಂದಿದೆ. ನಮ್ಮಲ್ಲಿ ಬಹುಮಂದಿ ಆದಿತ್ಯವಾರವನ್ನು ಕರ್ತನ ದಿನವೆಂದು ಆಚರಿಸುವವರು. ಶನಿವಾರವನ್ನೇ ಆಚರಿಸುವ ಸಭೆಗಳೂ ನಮ್ಮ ನಾಡಿನಲ್ಲಿ ಉಂಟು. ಅಂಥ ಕುಟುಂಬಗಳ ಹುಡುಗಿಯರು ಮಿಶನ್ ಶಾಲೆಗಳಲ್ಲಿ ಓದುವುದೂ ಉಂಟು. ಆ ಹುಡುಗಿಯರು ಶನಿವಾರದ ತರಗತಿಗೆ ಬಾರದಿದ್ದಾಗ ಮಿಕ್ಕವರು ಕಾರಣವನ್ನು ಕೇಳುವರು. ಅವರಿಗೆ ಸರಿಯಾದ ಉತ್ತರವು ದೊರೆಯಬೇಕಾದರೆ, ಶನಿವಾರವನ್ನು ಆಚರಿಸುವವರೊಳಗೆ ಅತ್ಯಂತ ಪ್ರಸಿದ್ಧರಾದ ಒಬ್ಬ ಸ್ತ್ರೀಯ ಜೀವಿತವನ್ನು ತಿಳಿದುಕೊಳ್ಳುವುದು ಒಳ್ಳೆಯದು. ಆಕೆಯೇ ಎಲೆನ್ ವೈಟ್ ಅಮ್ಮನವರು.

ಮೊದಲು ವಿವಾದದ ಮೂಲವನ್ನು ಸ್ವಲ್ಪ ನೋಡೋಣ. ಸೀನಾಯಿ ಬೆಟ್ಟದಲ್ಲಿ ಕೊಡಲ್ಪಟ್ಟ ಹತ್ತು ಆಜ್ಞೆಗಳಲ್ಲಿ ನಾಲ್ಕನೆಯದು (ರೋಮನ್ ಕಥೋಲಿಕರೂ ಲೂಥರನ್ ಸಭೆಯವರೂ ಎಣಿಸುವ ಪ್ರಕಾರ ಮೂರನೆಯದು) ಏಳನೆಯ ದಿನವನ್ನು ವಿಶ್ರಾಂತಿಗಾಗಿ ಪ್ರತ್ಯೇಕಿಸುತ್ತದೆ. ಯೆಹೂದ್ಯರು ಈ ದಿನವನ್ನು ಶುಕ್ರವಾರದ ಸೂರ್ಯಾಸ್ತಮಯದಿಂದ ಶನಿವಾರದ ಸೂರ್ಯಾಸ್ತಮಯದ ತನಕ ಆಚರಿಸುತ್ತ ಬಂದರು. ಕರ್ತನು ಮರಣದಿಂದ ಎದ್ದದ್ದು ವಾರದ ಮೊದಲನೆಯ ದಿನದಲ್ಲಿ. ಆ ಕಾರಣದಿಂದ ಕ್ರೈಸ್ತರು ಆ ದಿನದಲ್ಲಿ ರೊಟ್ಟಿ ಮುರಿಯುವುದಕ್ಕೆ ಕೂಡಿಬರುವ ಪದ್ಧತಿಯು ಆದಿಯಿಂದಲೂ ಬೆಳೆಯಿತು. ಎರಡನೆಯ ಶತಮಾನದ ಮಧ್ಯದಲ್ಲಿ ರೋಮಿನಲ್ಲಿದ್ದ ಜಸ್ಟಿನನು ಈ ಪದ್ಧತಿಯನ್ನು ವಿವರಿಸಿದ್ದಾನೆ. ೩೨೧ನೆಯ ಇಸವಿಯಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿಯು ಆದಿತ್ಯವಾರವನ್ನು ಬಿಡುವಿನ ದಿನವೆಂದು ಕಾನೂನು ಮಾಡಿದನು. ಆದರೂ ಬೇಸಾಯಗಾರರಿಗೆ ಹೊಲದ ಕೆಲಸಕ್ಕೆ ಅಪ್ಪಣೆಯಿತ್ತು. ಅದೇ ಶತಮಾನದಲ್ಲಿ ಲವೊದಿಕೀಯದಲ್ಲಿ ಸೇರಿದ ಸಭಾಧ್ಯಕ್ಷರು ಕ್ರೈಸ್ತರು ಶನಿವಾರದಲ್ಲಿ ಕೆಲಸಬಿಟ್ಟು ಕೂರಬಾರದೆಂದು ನಿರ್ಣಯಿಸಿದರು. ಜನರು ಆಚರಿಸದ ಸಂಗತಿಯನ್ನು ಯಾರೂ ನಿಷೇಧಿಸರಷ್ಟೆ. ಆದುದರಿಂದ ಅಂದಿಗೂ ಕೆಲವರು ಶನಿವಾರವನ್ನು ಬಿಟ್ಟಿರಲಿಲ್ಲವೆಂದು ಊಹಿಸಬಹುದು. ಇಥಿಯೋಪಿಯದ ಪ್ರಾಚೀನ ಸಭೆಯವರಂತೂ ಎರಡು ದಿನಗಳನ್ನೂ ಗೌರವಿಸುತ್ತಾರೆ.

ಇಂಗ್ಲೆಂಡಿನಲ್ಲಿ ೧೭ನೆಯ ಶತಮಾನದಲ್ಲಿ ಈ ಪ್ರಶ್ನೆಯು ಮತ್ತೆ ಎದ್ದಿತು. ಲಂಡನಿನಲ್ಲಿ ಡೊರೊಥಿ ಟ್ರಾಸ್ಕ್ ಎಂಬ ಉಪಾಧ್ಯಾಯಿನಿಯು ಮಕ್ಕಳಿಗೆ ವಾರದಲ್ಲಿ ಐದೇ ದಿನ ಪಾಠ ಹೇಳಿ ಶನಿವಾರ ವಿಶ್ರಮಿಸುತ್ತಿದ್ದಳು. ಇದೇ ಬೋಧನೆಗಾಗಿ ೧೬೧೮ರಲ್ಲಿ ಶಿಕ್ಷೆ ಹೊಂದಿದ ಆಕೆಯ ಗಂಡನು ತನ್ನ ಮತವನ್ನು ಬಿಟ್ಟುಕೊಟ್ಟನು, ಆಕೆ ಬಿಡಲಿಲ್ಲ. ಬಹುವರ್ಷ ಸೆರೆಮನೆಯಲ್ಲಿದ್ದು ಆಕೆ ಕಾಲವಾದಳು. ಮುಂದೆ ಏಳನೆಯ ದಿನದ ಬ್ಯಾಪ್ಟಿಸ್ಟರೆಂಬ ಚಿಕ್ಕ ಪಂಗಡವು ಹುಟ್ಟಿ, ೧೬೭೧ರಲ್ಲಿ ಅಮೆರಿಕದ ರೋಡ್ ಐಲೆಂಡ್ ಪ್ರಾಂತದ ನ್ಯೂಪೋರ್ಟಿನಲ್ಲಿ ಸಭೆಯನ್ನು ಸ್ಥಾಪಿಸಿತು. ಎಲೆನ್ ಅಮ್ಮನವರಿಗೆ ಸಬ್ಬತ್ತಿನ ಉಪದೇಶವು ತಲಪಿದ್ದು ಈ ದಾರಿಯಿಂದಲೇ.

ಎಲೆನ್ ಹಾರ್ಮನ್ ೧೮೨೭ನೆಯ ಇಸವಿ ನವೆಂಬರ್ ೨೬ನೆಯ ತಾರೀಖಿನಲ್ಲಿ ಅಮೆರಿಕದ ಮೇಯ್ನ್ ಪ್ರಾಂತದ ಗೋರ್ಹಮ್ ಎಂಬ ಊರಿನ ಬಳಿಯಲ್ಲಿ ಹುಟ್ಟಿದಳು. ಎಂಟು ಮಕ್ಕಳಲ್ಲಿ ಎಲೆನ್ ಮತ್ತು ಎಲಿಜಬೆತ್ ಎಂಬ ಅವಳಿಗಳೇ ಕೊನೆಯವರು. ತಂದೆಯು ಟೋಪಿಗಳನ್ನು ತಯಾರಿಸಿ ಜೀವನ ಮಾಡುವವನು. ಕುಟುಂಬವು ಮೆಥಡಿಸ್ಟ್ ಸಭೆಗೆ ಸೇರಿದ್ದು. ಅವರು ಪೋರ್ಟ್‌ಲೆಂಡ್ ಪಟ್ಟಣದಲ್ಲಿ ನೆಲಸಿದ ಮೇಲೆ, ಒಂಬತ್ತು ವರ್ಷದ ಎಲೆನ್ ಶಾಲೆಯಿಂದ ಮನೆಗೆ ಬರುತ್ತಿರುವಾಗ ಸಹಪಾಠಿಯಾದ ಒಬ್ಬ ಹುಡುಗಿ ಕಲ್ಲನ್ನು ಬೀಸಿ ಎಸೆದಳು. ಅದು ಮೂಗಿನ ಮೇಲೆ ಬಿದ್ದಿತು. ಮೂರು ವಾರಗಳ ಕಾಲ ಬಾಲಕಿಗೆ ಪ್ರಜ್ಞೆ ಸರಿಯಾಗಿರಲಿಲ್ಲ. ಬದುಕಿದಳಾದರೂ ಮುಖವು ವಿಕಾರವಾಯಿತು, ಕೈ ನಡುಗತೊಡಗಿತು, ಅಕ್ಷರಗಳು ಕಣ್ಣಮುಂದೆ ಕದಲಿದಂತೆ ಕಂಡವು. ೧೨ನೆಯ ವಯಸ್ಸಿನಲ್ಲಿ ಮತ್ತೊಮ್ಮೆ ಶಾಲೆಗೆ ಹೋಗಿ ನೋಡಿದಳು, ಆರೋಗ್ಯವು ಒಪ್ಪಲಿಲ್ಲ. ಓದಬೇಕೆಂಬ ಆಸೆಯುಳ್ಳ ಮಗುವಿಗೆ ಶಾಲೆಯ ಬಾಗಿಲು ಮುಚ್ಚಿದ್ದು ಆಕೆಯ ಜೀವಿತದ ಮೊದಲನೆಯ ದೊಡ್ಡ ದುಃಖ.

ಆ ಕಾಲದಲ್ಲಿ ವಿಲಿಯಂ ಮಿಲ್ಲರ್ ಎಂಬ ಬ್ಯಾಪ್ಟಿಸ್ಟ್ ಒಕ್ಕಲಿಗನು ದಾನಿಯೇಲನ ಪ್ರವಾದನೆಗಳನ್ನು ಲೆಕ್ಕಹಾಕಿ, ಕರ್ತನ ಬರುವಿಕೆಯು ಸಮೀಪವಾಯಿತೆಂದು ಊರೂರಿಗೆ ಸಾರುತ್ತಿದ್ದನು. ಪೋರ್ಟ್‌ಲೆಂಡಿನಲ್ಲಿ ಆತನ ಪ್ರಸಂಗವನ್ನು ಕೇಳಿದ ಹಾರ್ಮನ್ ಕುಟುಂಬದವರು ಅದನ್ನು ನಂಬಿದರು. ೧೮೪೨ರಲ್ಲಿ ಎಲೆನ್ ಸಮುದ್ರದಲ್ಲಿ ದೀಕ್ಷಾಸ್ನಾನವನ್ನು ಹೊಂದಿದಳು. ಮರುವರ್ಷ ಈ ನಂಬಿಕೆಯ ನಿಮಿತ್ತವಾಗಿ ಮೆಥಡಿಸ್ಟ್ ಸಭೆಯವರು ಆ ಕುಟುಂಬವನ್ನು ತಮ್ಮ ಪಟ್ಟಿಯಿಂದ ತೆಗೆದುಹಾಕಿದರು. ೧೮೪೪ನೆಯ ಇಸವಿ ಅಕ್ಟೋಬರ್ ೨೨ನೆಯ ತಾರೀಖು ಗೊತ್ತಾದ ದಿನವೆಂದು ಸಾವಿರಾರು ಜನರು ಕಾದರು. ಕೆಲವರು ಬೆಳೆಯನ್ನು ಕೊಯ್ಯದೆ ಬಿಟ್ಟರು. ಆ ದಿನವು ಬಂದು ಕಳೆಯಿತು, ಕರ್ತನು ಬರಲಿಲ್ಲ. ನೆರೆಯವರ ಹಾಸ್ಯವನ್ನೂ ತಮ್ಮ ಹೃದಯದ ಬೇಗೆಯನ್ನೂ ಒಟ್ಟಿಗೆ ಸಹಿಸಬೇಕಾದ ಆ ಜನರಲ್ಲಿ ಹಲವರು ವಿಶ್ವಾಸವನ್ನೇ ತೊರೆದರು. ಅದೇ ವರ್ಷದ ಡಿಸೆಂಬರಿನಲ್ಲಿ, ನಾಲ್ವರು ಸ್ತ್ರೀಯರೊಡನೆ ಪ್ರಾರ್ಥಿಸುತ್ತಿದ್ದ ೧೭ ವರ್ಷದ ಎಲೆನ್ ತನಗೆ ದರ್ಶನವುಂಟಾಯಿತೆಂದು ಹೇಳಿದಳು: ದೇವಜನರು ಇಕ್ಕಟ್ಟಾದ ಎತ್ತರದ ದಾರಿಯಲ್ಲಿ ಪರಲೋಕದ ಪಟ್ಟಣದ ಕಡೆಗೆ ನಡೆಯುತ್ತಿರುವುದನ್ನು ಕಂಡಳಂತೆ. ಎದೆಗುಂದಿದ ಆ ಚಿಕ್ಕ ಗುಂಪಿಗೆ ಈ ಮಾತು ಆಧಾರವಾಯಿತು.

ಇದೇ ೧೮೪೪ರಲ್ಲಿ ನ್ಯೂ ಹ್ಯಾಂಪ್‌ಶೈರ್ ಪ್ರಾಂತದ ವಾಷಿಂಗ್ಟನ್ ಎಂಬ ಚಿಕ್ಕ ಊರಿನಲ್ಲಿ ಮತ್ತೊಂದು ಸಂಗತಿ ನಡೆಯಿತು. ಏಳನೆಯ ದಿನದ ಬ್ಯಾಪ್ಟಿಸ್ಟ್ ಸಭೆಯ ರೇಚಲ್ ಓಕ್ಸ್ ಎಂಬ ವಿಧವೆಯು, ಅಲ್ಲಿ ಶಾಲೆಯಲ್ಲಿ ಕಲಿಸುತ್ತಿದ್ದ ತನ್ನ ಮಗಳೊಡನೆ ವಾಸಿಸುತ್ತಿದ್ದಳು. ಕರ್ತನ ಭೋಜನಕ್ಕೆ ಸೇರುವವರು ದೇವರ ಆಜ್ಞೆಗಳನ್ನೆಲ್ಲ ಕೈಕೊಳ್ಳಬೇಕೆಂದು ಬೋಧಕನಾದ ಫ್ರೆಡರಿಕ್ ವೀಲರನು ಪ್ರಸಂಗ ಮಾಡಿದನು. ಹಾಗಾದರೆ ನಾಲ್ಕನೆಯ ಆಜ್ಞೆಯನ್ನು ನೀವು ಕೈಕೊಳ್ಳುತ್ತೀರೋ ಎಂಬರ್ಥದಲ್ಲಿ ಆಕೆ ಅವನನ್ನು ಬಳಿಕ ಪ್ರಶ್ನಿಸಿದಳು. ಬೋಧಕನು ಸಿಟ್ಟಾಗದೆ ಸತ್ಯವೇದವನ್ನು ತೆರೆದು ಶೋಧಿಸಿ, ಶನಿವಾರವನ್ನು ಆಚರಿಸಲು ತೊಡಗಿದನು. ಅಲ್ಲಿಂದ ಈ ಉಪದೇಶವು ಜೋಸೆಫ್ ಬೇಟ್ಸ್ ಎಂಬ ಹಡಗಿನ ಕಪ್ತಾನನಿಗೆ ಮುಟ್ಟಿತು. ಆತನು ೧೮೪೬ರಲ್ಲಿ ಇದರ ವಿಷಯವಾಗಿ ಒಂದು ಚಿಕ್ಕ ಪುಸ್ತಕವನ್ನು ಅಚ್ಚುಹಾಕಿಸಿದನು.

ಅದೇ ವರ್ಷದ ಆಗಸ್ಟ್ ೩೦ರಂದು ಎಲೆನಳಿಗೂ ಜೇಮ್ಸ್ ವೈಟ್ ಎಂಬ ಯುವಕ ಬೋಧಕನಿಗೂ ವಿವಾಹವಾಯಿತು. ಮೊದಮೊದಲು ಎಲೆನ್ ಅಮ್ಮನವರಿಗೆ ಬೇಟ್ಸರ ವಾದವು ಹಿಡಿಸಿರಲಿಲ್ಲವೆಂಬುದನ್ನು ನಾವು ಗಮನಿಸಬೇಕು. ಮಿಕ್ಕ ಒಂಬತ್ತು ಆಜ್ಞೆಗಳನ್ನು ಬಿಟ್ಟು ಒಂದನ್ನೇ ಈತನು ಎತ್ತಿ ಆಡುತ್ತಾನಲ್ಲಾ ಎಂದು ಆಕೆಗೆ ತೋರಿತ್ತು. ದಂಪತಿಗಳು ಆ ಪುಸ್ತಕವನ್ನು ಓದಿ, ಸತ್ಯವೇದದೊಡನೆ ಹೋಲಿಸಿ, ಆ ವರ್ಷದ ಶರತ್ಕಾಲದಲ್ಲಿ ಶನಿವಾರದ ಆಚರಣೆಗೆ ತೊಡಗಿದರು. ೧೮೪೭ರ ಏಪ್ರಿಲ್ ತಿಂಗಳಲ್ಲಿ ಟಾಪ್‌ಶಮ್ ಎಂಬ ಊರಿನಲ್ಲಿ ಆಕೆಗೆ ದರ್ಶನವಾಯಿತು. ಅದರಲ್ಲಿ ಪರಲೋಕದ ಮಂಜೂಷದೊಳಗಿನ ಕಲ್ಲಿನ ಹಲಗೆಗಳ ಮೇಲೆ ನಾಲ್ಕನೆಯ ಆಜ್ಞೆಯು ಮಿಕ್ಕವುಗಳಿಗಿಂತ ಹೆಚ್ಚಾಗಿ ಪ್ರಕಾಶಿಸಿತೆಂದು ಬರೆದಿದ್ದಾರೆ. ಮೊದಲು ವ್ಯಾಸಂಗ, ಆಚರಣೆ, ಅನಂತರ ದರ್ಶನ. ಈ ಕ್ರಮವನ್ನು ಆಕೆಯ ಅನುಯಾಯಿಗಳೂ ಒತ್ತಿ ಹೇಳುತ್ತಾರೆ.

ಆ ದಿನಗಳ ಬಡತನವು ಹೇಳತೀರದು. ಜೇಮ್ಸರು ರೈಲುರಸ್ತೆಗಾಗಿ ಕಲ್ಲು ಹೊತ್ತು, ಕಾಡಿನಲ್ಲಿ ಸೌದೆ ಕಡಿದು ಸಂಸಾರವನ್ನು ಸಾಗಿಸಿದರು. ನಾಲ್ಕು ಗಂಡುಮಕ್ಕಳು ಹುಟ್ಟಿದರು. ಕೊನೆಯ ಕೂಸು ೧೮೬೦ರಲ್ಲಿ ಕೆಲವೇ ತಿಂಗಳು ಬದುಕಿ ತೀರಿಕೊಂಡಿತು. ಹಿರಿಯ ಮಗನಾದ ಹೆನ್ರಿಯು ೧೮೬೩ರಲ್ಲಿ ೧೬ನೆಯ ವಯಸ್ಸಿನಲ್ಲಿ ನ್ಯುಮೋನಿಯದಿಂದ ಸತ್ತನು. ಸಂಚಾರದ ನಿಮಿತ್ತ ಮಕ್ಕಳನ್ನು ಬೇರೆಯವರ ಮನೆಯಲ್ಲಿ ಬಿಟ್ಟುಹೋಗಬೇಕಾಗಿದ್ದ ತಾಯಿಗೆ ಈ ಮರಣಗಳು ಎಂಥ ನೋವನ್ನು ಕೊಟ್ಟವೆಂಬುದನ್ನು ತಾಯಂದಿರು ತಾವೇ ಬಲ್ಲರು.

ದಿನವು ಗೊತ್ತಾದ ಮೇಲೂ ವಾದವು ಮುಗಿಯಲಿಲ್ಲ. ಸಬ್ಬತ್ತು ಯಾವ ಗಳಿಗೆಗೆ ಆರಂಭವಾಗುತ್ತದೆಂದು ಆ ಚಿಕ್ಕ ಗುಂಪಿನೊಳಗೇ ಭೇದವುಂಟಾಯಿತು. ಬೇಟ್ಸ್ ಕಪ್ತಾನರು ಶುಕ್ರವಾರ ಸಂಜೆ ಆರು ಗಂಟೆಯೆಂದರು. ಬಹುಮಂದಿ ಹಾಗೆಯೇ ನಡೆದರು. ಕೆಲವರು ಸೂರ್ಯಾಸ್ತಮಯವೆಂದರು, ಕೆಲವರು ಸೂರ್ಯೋದಯವೆಂದರು. ೧೮೫೫ರಲ್ಲಿ ಜಾನ್ ಆಂಡ್ರೂಸ್ ಎಂಬ ಯುವಕ ಪಂಡಿತರು ಶಾಸ್ತ್ರವನ್ನು ಶೋಧಿಸಿ ಸೂರ್ಯಾಸ್ತಮಯವೇ ಸರಿಯೆಂದು ಸಭೆಯ ಮುಂದೆ ತೋರಿಸಿಕೊಟ್ಟರು. ಅಮ್ಮನವರು ಅಲ್ಲಿಯ ತನಕ ಆರು ಗಂಟೆಯ ಪಕ್ಷದವರು. ಕೆಲವು ದಿನಗಳಲ್ಲೇ ಸೂರ್ಯಾಸ್ತಮಯವೇ ಸರಿಯೆಂದು ದರ್ಶನದಲ್ಲಿ ತಿಳಿಯಿತೆಂದು ಹೇಳಿ, ಅದನ್ನು ಒಪ್ಪಿಕೊಂಡರು. ಒಂಬತ್ತು ವರ್ಷಗಳಿಂದ ನಡೆಸಿಕೊಂಡು ಬಂದದ್ದನ್ನು ಎಲ್ಲರ ಎದುರಿನಲ್ಲಿ ಬದಲಿಸುವುದು ಮುಂದಾಳಿಗೆ ಸುಲಭವಲ್ಲ.

೧೮೬೦ರಲ್ಲಿ ಈ ಜನರು ಏಳನೆಯ ದಿನದ ಅಡ್ವೆಂಟಿಸ್ಟರೆಂಬ ಹೆಸರನ್ನು ಧರಿಸಿಕೊಂಡರು. ೧೮೬೩ರ ಮೇ ತಿಂಗಳಲ್ಲಿ ಮಿಶಿಗನ್ ಪ್ರಾಂತದ ಬ್ಯಾಟ್ಲ್ ಕ್ರೀಕ್ ಪಟ್ಟಣದಲ್ಲಿ ಸುಮಾರು ೩,೫೦೦ ಮಂದಿ ಸದಸ್ಯರ ಸಭೆಯು ಕ್ರಮವಾಗಿ ಏರ್ಪಟ್ಟಿತು. ೧೮೬೬ರಲ್ಲಿ ಆರೋಗ್ಯಶಾಲೆಯೂ ೧೮೭೪ರಲ್ಲಿ ಕಾಲೇಜೂ ಸ್ಥಾಪನೆಯಾದವು. ಮದ್ಯ ಹೊಗೆಸೊಪ್ಪುಗಳ ವಿರುದ್ಧವಾಗಿ ಅಮ್ಮನವರು ದೊಡ್ಡ ಸಭೆಗಳಲ್ಲಿ ಮಾತಾಡಿದರು. ಶಾಲೆಯಲ್ಲಿ ಮುಂದುವರಿಯಲಾರದೆ ಹೋದ ಆ ಬಾಲಕಿಯೇ ಮುಂದೆ ಸುಮಾರು ಒಂದು ಲಕ್ಷ ಪುಟಗಳಷ್ಟು ಬರಹವನ್ನು ಬಿಟ್ಟುಹೋದಳು. ಕ್ರಿಸ್ತನ ಜೀವಿತದ ವಿಷಯವಾದ ಗ್ರಂಥವು ೧೮೯೮ರಲ್ಲಿಯೂ, ವಿದ್ಯಾಭ್ಯಾಸವನ್ನು ಕುರಿತ ಗ್ರಂಥವು ೧೯೦೩ರಲ್ಲಿಯೂ ಪ್ರಕಟವಾದವು.

ಇನ್ನು ಈ ಜನರು ಅನುಭವಿಸಿದ ಕಷ್ಟವನ್ನು ಹೇಳಬೇಕು. ಆಗ ಅಮೆರಿಕದ ಅನೇಕ ಪ್ರಾಂತಗಳಲ್ಲಿ ಆದಿತ್ಯವಾರ ಕೆಲಸಮಾಡಬಾರದೆಂಬ ಕಾನೂನುಗಳಿದ್ದವು. ಶನಿವಾರ ವಿಶ್ರಮಿಸಿದ ಬಡ ರೈತನು ಆದಿತ್ಯವಾರವೂ ಸುಮ್ಮನಿದ್ದರೆ ವಾರಕ್ಕೆ ಐದೇ ದಿನದ ದುಡಿಮೆಯಾಯಿತು. ಆರ್ಕನ್ಸಾ ಪ್ರಾಂತದಲ್ಲಿ ಶನಿವಾರವನ್ನು ಆಚರಿಸುವವರಿಗಿದ್ದ ವಿನಾಯಿತಿಯನ್ನು ೧೮೮೫ರಲ್ಲಿ ತೆಗೆದುಹಾಕಲಾಗಿ, ಹಲವರು ದಂಡ ತೆತ್ತರು. ೧೮೮೭ರಲ್ಲಿ ಅದನ್ನು ಮರಳಿ ಕೊಟ್ಟರು. ಟೆನೆಸಿ ಪ್ರಾಂತದಲ್ಲಿ ೧೮೮೯ರಲ್ಲಿ ಒಬ್ಬ ರೈತನು ಆದಿತ್ಯವಾರ ಹೊಲದಲ್ಲಿ ಕೆಲಸ ಮಾಡಿದ್ದಕ್ಕಾಗಿ ನ್ಯಾಯಸ್ಥಾನಕ್ಕೆ ಎಳೆಯಲ್ಪಟ್ಟನು. ೧೮೯೨ರಲ್ಲಿ ಕೆಲವರು ಕಳ್ಳಕಾಕರೊಡನೆ ಸಂಕೋಲೆಯ ಗುಂಪಿನಲ್ಲಿ ರಸ್ತೆಯ ಕೆಲಸಮಾಡಬೇಕಾಯಿತು. ೧೮೮೮ರಲ್ಲಿ ಬ್ಲೇರ್ ಎಂಬ ಶಾಸನಸಭಾ ಸದಸ್ಯನು ಇಡೀ ದೇಶಕ್ಕೆ ಆದಿತ್ಯವಾರದ ಕಾನೂನನ್ನು ತರಲು ಮಸೂದೆಯನ್ನು ಮಂಡಿಸಿದನು. ಮದ್ಯಪಾನ ನಿರೋಧದಲ್ಲಿ ಅಮ್ಮನವರ ಜನರೊಡನೆ ಕೈಜೋಡಿಸಿದ್ದ ಕ್ರೈಸ್ತ ಸ್ತ್ರೀಯರ ಸಂಘವೇ ಈ ಮಸೂದೆಯ ಪರವಾಗಿ ನಿಂತಿತು. ಒಳ್ಳೆಯವರೇ ಒಳ್ಳೆಯ ಉದ್ದೇಶದಿಂದ ಇತರರ ಮನಸ್ಸಾಕ್ಷಿಯನ್ನು ಒತ್ತಬಹುದೆಂಬುದಕ್ಕೆ ಇದು ನಿದರ್ಶನ. ಮಸೂದೆಯು ಬಿದ್ದುಹೋಯಿತು.

ಕಾನೂನನ್ನು ಎದುರಿಸುವ ವಿಷಯದಲ್ಲಿ ಅಮ್ಮನವರ ಬುದ್ಧಿವಾದವು ಹಟದ್ದಾಗಿರಲಿಲ್ಲ. ಶನಿವಾರವನ್ನು ಬಿಡಬಾರದು, ಆದರೆ ನೆರೆಯವರನ್ನು ಕೆಣಕುವುದಕ್ಕೆಂದು ಆದಿತ್ಯವಾರದಲ್ಲಿ ಬೀದಿಗೆ ಕಾಣುವಂತೆ ಕೆಲಸಮಾಡಲೂಬಾರದು, ಆ ದಿನವನ್ನು ರೋಗಿಗಳ ದರ್ಶನಕ್ಕೂ ಸುವಾರ್ತೆಯ ಸೇವೆಗೂ ಉಪಯೋಗಿಸಬೇಕು, ಶಾಲೆಯ ವಿದ್ಯಾರ್ಥಿಗಳನ್ನೂ ಅದಕ್ಕೇ ಕರೆದುಕೊಂಡುಹೋಗಬೇಕು ಎಂಬುದು ಆಕೆಯ ಸಲಹೆಯ ಸಾರ.

ಜೇಮ್ಸ್ ವೈಟರು ೧೮೮೧ರಲ್ಲಿ ಕಾಲವಾದರು. ವಿಧವೆಯಾದ ಅಮ್ಮನವರು ೧೮೮೫ರಿಂದ ೧೮೮೭ರ ತನಕ ಯೂರೋಪಿನಲ್ಲಿ ಸಂಚರಿಸಿ, ೧೮೯೧ರಲ್ಲಿ ೬೩ನೆಯ ವಯಸ್ಸಿನಲ್ಲಿ ಆಸ್ಟ್ರೇಲಿಯಕ್ಕೆ ಹಡಗು ಹತ್ತಿದರು. ಅಲ್ಲಿ ಒಂಬತ್ತು ವರ್ಷಗಳಿಗೆ ಸಮೀಪ ನೆಲಸಿ, ಅವುಗಳಲ್ಲಿ ಬಹುತಿಂಗಳನ್ನು ಸಂಧಿವಾತದ ನೋವಿನಲ್ಲಿ ಕಳೆದರೂ, ನ್ಯೂ ಸೌತ್ ವೇಲ್ಸಿನ ಕೂರನ್‌ಬಾಂಗ್ ಎಂಬಲ್ಲಿ ಕಾಡನ್ನು ಕಡಿಸಿ ಏವನ್‌ಡೇಲ್ ಶಾಲೆಯನ್ನು ಎಬ್ಬಿಸಲು ಕಾರಣರಾದರು. ೧೮೯೭ರ ಏಪ್ರಿಲ್ ೨೮ರಂದು ಅದು ತೆರೆಯಿತು. ಪುಸ್ತಕದ ಪಾಠದೊಡನೆ ತೋಟದ ಕೆಲಸ, ಅಡಿಗೆ, ಕೈಕಸಬು ಇವೆಲ್ಲವೂ ಮಕ್ಕಳಿಗೆ ಬೇಕೆಂಬುದು ಆಕೆಯ ಮತವಾಗಿತ್ತು.

ಅಮ್ಮನವರ ಹಡಗು ಶಾಂತಸಾಗರದಲ್ಲಿ ದಿನರೇಖೆಯನ್ನು ದಾಟಿತು. ಪಶ್ಚಿಮಕ್ಕೆ ಹೋಗುತ್ತ ಆ ರೇಖೆಯನ್ನು ದಾಟುವಾಗ ಪಂಚಾಂಗದಲ್ಲಿ ಒಂದು ದಿನವು ಇಲ್ಲದೆ ಹೋಗುತ್ತದೆಂದು ಭೂಗೋಳದ ತರಗತಿಯಲ್ಲಿ ನೀವು ಕಲಿತಿದ್ದೀರಿ. ಈ ರೇಖೆಯು ಸಬ್ಬತ್ತಿನ ವಾದಕ್ಕೆ ಒಂದು ವಿಚಿತ್ರವಾದ ಸಮಸ್ಯೆಯನ್ನು ಒಡ್ಡಿತು. ಟೊಂಗಾ ದ್ವೀಪಗಳು ೧೮೦ನೆಯ ರೇಖಾಂಶದ ಪೂರ್ವಕ್ಕಿದ್ದರೂ ಅಲ್ಲಿಯ ಪಂಚಾಂಗವು ಪಶ್ಚಿಮದ ಕಡೆಯದನ್ನು ಅನುಸರಿಸುತ್ತದೆ. ರೇಖಾಂಶವನ್ನೇ ಹಿಡಿದ ಅಡ್ವೆಂಟಿಸ್ಟರ ಎಣಿಕೆಯಲ್ಲಿ, ಅಲ್ಲಿಯ ಜನರು ಆದಿತ್ಯವಾರವೆಂದು ಕರೆಯುವುದೇ ಏಳನೆಯ ದಿನ. ಹೀಗೆ ಟೊಂಗಾದಲ್ಲಿ ಅವರೂ ಮಿಕ್ಕ ಕ್ರೈಸ್ತರೂ ಒಂದೇ ದಿನ ಆರಾಧಿಸುತ್ತಾರೆ. ೨೦೧೧ರ ಕೊನೆಯಲ್ಲಿ ಸಮೋವ ದೇಶದವರು ವ್ಯಾಪಾರದ ಅನುಕೂಲಕ್ಕಾಗಿ ಡಿಸೆಂಬರ್ ೩೦ನೆಯ ತಾರೀಖನ್ನೇ ಬಿಟ್ಟು ೨೯ರಿಂದ ೩೧ಕ್ಕೆ ಹಾರಿದಾಗ, ಅಲ್ಲಿಯ ಅಡ್ವೆಂಟಿಸ್ಟ್ ಸಭೆಯು ಆದಿತ್ಯವಾರವೆಂಬ ಹೆಸರು ಬಂದ ದಿನವನ್ನೇ ಆಚರಿಸಲು ನಿರ್ಣಯಿಸಿತು. ಕೆಲವರು ಒಪ್ಪದೆ ಹೊಸ ಶನಿವಾರವನ್ನು ಹಿಡಿದು ಬೇರೆಯಾದರು. ಎರಡು ಪಕ್ಷದವರೂ ಅದೇ ಆಜ್ಞೆಗೆ ವಿಧೇಯರಾಗಬೇಕೆಂದೇ ಬಯಸಿದವರು.

ಅಮ್ಮನವರ ಗುಣಗಳನ್ನು ಮಾತ್ರ ಹೇಳಿ ನಿಲ್ಲಿಸುವುದು ನ್ಯಾಯವಲ್ಲ. ಕಡೇ ಕಾಲದಲ್ಲಿ ಆದಿತ್ಯವಾರವನ್ನು ಬಲವಂತದಿಂದ ಹೇರುವ ಅಧಿಕಾರವು ಬರುವುದೆಂದೂ, ಅರಿತೂ ಅದಕ್ಕೆ ಮಣಿಯುವವರು ಪ್ರಕಟನೆಯ ಗ್ರಂಥದಲ್ಲಿ ಹೇಳಿದ ಮೃಗದ ಗುರುತನ್ನು ಹೊಂದುವರೆಂದೂ ಆಕೆ ಬೋಧಿಸಿದರು. ಇದು ಆದಿತ್ಯವಾರವನ್ನು ಭಕ್ತಿಯಿಂದ ಆಚರಿಸುವವರ ಮನಸ್ಸನ್ನು ನೋಯಿಸುವ ಮಾತು. ಆದರೆ ಇನ್ನೂ ಯಾರೂ ಆ ಗುರುತನ್ನು ಹೊಂದಿಲ್ಲವೆಂದೂ, ರೋಮನ್ ಕಥೋಲಿಕ ಸಭೆಯನ್ನು ಒಳಗೊಂಡು ಎಲ್ಲ ಸಭೆಗಳಲ್ಲಿ ನಿಜವಾದ ಕ್ರೈಸ್ತರಿದ್ದಾರೆಂದೂ ಆಕೆ ಬರೆದದ್ದುಂಟು. ಆಕೆಯ ಗ್ರಂಥಗಳಲ್ಲಿ ಇತರರ ಬರಹಗಳಿಂದ ಹೆಸರು ಹೇಳದೆ ತೆಗೆದುಕೊಂಡ ಭಾಗಗಳಿವೆಯೆಂಬ ಆಕ್ಷೇಪಣೆಯು ಆಕೆಯ ಜೀವಿತಕಾಲದಲ್ಲೇ ಹುಟ್ಟಿತು. ಒಂದು ಮುಖ್ಯ ಗ್ರಂಥದ ೧೯೧೧ರ ಮುದ್ರಣದಲ್ಲಿ ಮೂಲಗಳನ್ನು ಸೂಚಿಸಲಾಯಿತು. ದರ್ಶನಗಳ ವಿಷಯದಲ್ಲಿ ಆಕೆಯ ಸಭೆಯವರು ಒಂದು ರೀತಿಯಾಗಿಯೂ ಹೊರಗಿನವರು ಬೇರೆ ರೀತಿಯಾಗಿಯೂ ಎಣಿಸುತ್ತಾರೆ. ನಾವು ಶನಿವಾರದ ಪಕ್ಷವನ್ನು ಒಪ್ಪಬೇಕಾಗಿಲ್ಲ. ಪುನರುತ್ಥಾನದ ದಿನವನ್ನು ಆಚರಿಸುವುದಕ್ಕೆ ನಮಗೆ ಪ್ರಬಲವಾದ ಕಾರಣಗಳಿವೆ. ದಿನಗಳ ವಿಷಯದಲ್ಲಿ ಪ್ರತಿಯೊಬ್ಬನೂ ತನ್ನ ಮನಸ್ಸಿನಲ್ಲಿ ನಿಶ್ಚಯಿಸಿಕೊಳ್ಳಲಿ, ಒಬ್ಬರನ್ನೊಬ್ಬರು ತೀರ್ಪು ಮಾಡದಿರಲಿ ಎಂಬುದು ರೋಮಾಪುರದವರಿಗೆ ಪೌಲನು ಕೊಟ್ಟ ಉಪದೇಶವಾಗಿದೆ.

ಡಡ್ಲಿ ಕ್ಯಾನ್‌ರೈಟ್ ಎಂಬವನು ವೈಟ್ ದಂಪತಿಗಳ ಆಪ್ತನಾಗಿ ಬಹುವರ್ಷ ಈ ಸಭೆಯಲ್ಲಿ ಬೋಧಕನಾಗಿದ್ದವನು. ೧೮೮೭ರಲ್ಲಿ ಸಭೆಯನ್ನು ಬಿಟ್ಟು ಬ್ಯಾಪ್ಟಿಸ್ಟನಾಗಿ, ೧೮೮೯ರಲ್ಲಿ ಶನಿವಾರದ ಉಪದೇಶವನ್ನೂ ಅಮ್ಮನವರ ದರ್ಶನಗಳನ್ನೂ ಖಂಡಿಸುವ ದೊಡ್ಡ ಪುಸ್ತಕವನ್ನು ಬರೆದನು. ೧೯೦೦ರಲ್ಲಿ ಅಮೆರಿಕಕ್ಕೆ ಮರಳಿದ ಅಮ್ಮನವರು ಕ್ಯಾಲಿಫೋರ್ನಿಯದ ತಮ್ಮ ಮನೆಯಲ್ಲಿ ಬರವಣಿಗೆಯನ್ನು ಮುಂದುವರಿಸುತ್ತಿದ್ದು, ೧೯೧೫ರ ಫೆಬ್ರುವರಿಯಲ್ಲಿ ಬಿದ್ದು ಸೊಂಟದ ಮೂಳೆಯನ್ನು ಮುರಿದುಕೊಂಡು, ಜುಲೈ ೧೬ರಂದು ೮೭ನೆಯ ವಯಸ್ಸಿನಲ್ಲಿ ಕರ್ತನಲ್ಲಿ ನಿದ್ರೆಹೋದರು. ಬ್ಯಾಟ್ಲ್ ಕ್ರೀಕಿನಲ್ಲಿ ಗಂಡನ ಪಕ್ಕದಲ್ಲಿ ಅವರನ್ನು ಸಮಾಧಿ ಮಾಡಿದರು. ಆ ಅಂತ್ಯಕ್ರಿಯೆಗೆ ಕ್ಯಾನ್‌ರೈಟನೂ ಬಂದು ಶವಪೆಟ್ಟಿಗೆಯ ಬಳಿಯಲ್ಲಿ ನಿಂತನು. ತನ್ನ ಅಭಿಪ್ರಾಯಗಳನ್ನು ಅವನು ಕಡೆಯ ತನಕ ಬದಲಿಸಲಿಲ್ಲ, ಆದರೂ ಬಂದನು.

೩,೫೦೦ ಮಂದಿಯಿಂದ ಆರಂಭವಾದ ಆ ಸಭೆಯಲ್ಲಿ ಇಂದು ಲೋಕದ ಎಲ್ಲ ಖಂಡಗಳಲ್ಲಿ ಎರಡು ಕೋಟಿಗೂ ಮಿಕ್ಕಿದ ಜನರಿದ್ದಾರೆ. ಅವರ ಮಕ್ಕಳಿಗೆ ಶನಿವಾರದ ಪರೀಕ್ಷೆಯು ಇಂದಿಗೂ ಕಠಿಣವಾದ ಪ್ರಶ್ನೆ. ಇದು ಅವರ ಕಷ್ಟವೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ದೇಶದಲ್ಲಿ ಉದ್ಯೋಗಕ್ಕೂ ಉನ್ನತ ವ್ಯಾಸಂಗಕ್ಕೂ ಸಂಬಂಧಪಟ್ಟ ಅನೇಕ ಸ್ಪರ್ಧಾತ್ಮಕ ಪರೀಕ್ಷೆಗಳು ನಡೆಯುವುದು ಆದಿತ್ಯವಾರದಲ್ಲಿಯೇ. ದೇವಾಲಯದ ಗಂಟೆಯೂ ಪರೀಕ್ಷಾಮಂದಿರದ ಗಂಟೆಯೂ ಒಂದೇ ಹೊತ್ತಿಗೆ ಬಾರಿಸುವಾಗ, ನಮ್ಮ ಹುಡುಗಿಯರೂ ಅದೇ ಇಕ್ಕಟ್ಟಿನಲ್ಲಿ ನಿಲ್ಲುತ್ತಾರೆ. ಹಾಲ್‌ಟಿಕೆಟನ್ನು ಕೈಯಲ್ಲಿ ಹಿಡಿದು ಒಂದು ದಾರಿಯನ್ನು ಆರಿಸಿಕೊಂಡ ಹುಡುಗಿಯನ್ನು, ಆಕೆ ಯಾವ ದಾರಿಯನ್ನು ಹಿಡಿದರೂ, ಭಕ್ತಿಯಿಲ್ಲದವಳೆಂದಾಗಲಿ ಮೂಢಳೆಂದಾಗಲಿ ಜರೆಯುವುದು ನಮಗೆ ಸಲ್ಲದು.

ಆದುದರಿಂದ ತಂದೆತಾಯಿಗಳಲ್ಲಿಯೂ, ಈಗ ತಾವೇ ತಾಯಂದಿರೂ ಉಪಾಧ್ಯಾಯಿನಿಯರೂ ಆಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ನನ್ನ ವಿಜ್ಞಾಪನೆ ಇಷ್ಟೇ. ನೀವು ಆಚರಿಸುವ ದಿನವನ್ನು ಏಕೆ ಆಚರಿಸುತ್ತೀರೆಂದು ಮಕ್ಕಳಿಗೆ ಸತ್ಯವೇದದಿಂದ ತಿಳಿಸಿಕೊಡಿರಿ. ರೂಢಿಯೆಂಬ ಒಂದೇ ಉತ್ತರವು ಅವರಿಗೆ ಬಹುಕಾಲ ಆಸರೆಯಾಗದು. ನಿಮ್ಮ ತರಗತಿಯಲ್ಲಿ ಶನಿವಾರವನ್ನು ಆಚರಿಸುವ ಹುಡುಗಿಯಿದ್ದರೆ, ತಪ್ಪಿದ ಪಾಠವನ್ನು ಸೋಮವಾರ ಆಕೆಗೆ ಕಲಿಸಿಕೊಡಿರಿ. ನಿಮ್ಮ ಊರಿನಲ್ಲಿ ಆ ಸಭೆಯವರಿದ್ದರೆ, ಅವರ ಮನೆಯ ದುಃಖಕ್ಕೂ ಸಂತೋಷಕ್ಕೂ ಹೋಗಿಬನ್ನಿರಿ. ದಿನವನ್ನು ಆಚರಿಸುವವರೆಲ್ಲರೂ ಆ ದಿನದ ಒಡೆಯನನ್ನು ಹೆಚ್ಚುಹೆಚ್ಚಾಗಿ ಅರಿಯುವಂತೆ ಕರ್ತನು ಅನುಗ್ರಹಿಸಲಿ.